ಹೊಲದ ಹಾದಿಯ ಬೈಕಿಗೆ ಎಂಥ ಚೈನು?

ನಮ್ಮಪ್ಪನ ಕಾಲದಲ್ಲಿ ನಮ್ಮ ಮನೆಯಲ್ಲಿ ಎತ್ತಿನ ಗಾಡಿ ಇತ್ತು. ಹುಲ್ಲು ಸುಟ್ಟ ಕರಿಯನ್ನು ಹರಳೆಣ್ಣೆಯಲ್ಲಿ ಕಲಸಿದ ಕೀಲೆಣ್ಣೆ ಗಾಡಿಯ ಕೆಳಗೆ ಬಿದಿರಿನ ಗೊಟ್ಟದಲ್ಲಿ ಸದಾ ತೂಗಾಡುತ್ತಿತ್ತು. ಅಚ್ಚಿಗೆ ಅದನ್ನು ಬಳಿಯದೆ ಅಪ್ಪ ದೂರದ ದಾರಿಗೆ ಗಾಡಿ ಕಟ್ಟಿದವರಲ್ಲ. ಈಗ ನನ್ನ ಹತ್ತಿರ ಎತ್ತೂ ಇಲ್ಲ, ಗಾಡಿನೂ ಇಲ್ಲ. ಗೊಬ್ಬರದ ಚೀಲ, ಈರುಳ್ಳಿ ಚೀಲ, ಹಾಲಿನ ಕ್ಯಾನು, ಮೇವಿನ ಹೊರೆ ಎಲ್ಲಾ ನೂರು ಸಿಸಿ ಬೈಕಿನ ಮೇಲೆಯೇ. ಅದರ ಚೈನಿಗೆ ಎಣ್ಣೆ ಬಿಡಬೇಕು ಅನ್ನೋದು ಮಾತ್ರ ನನಗೆ ಬಹಳ ವರ್ಷ ತೋಚಲೇ ಇಲ್ಲ. ಕಿರ್ರ್ ಅಂದಾಗ ಟ್ರಾಕ್ಟರಿನ ಸುಟ್ಟ ಆಯಿಲ್ ಸುರಿದು ಸುಮ್ಮನಾಗ್ತಿದ್ದೆ.

2021ರ ಈರುಳ್ಳಿ ಸುಗ್ಗಿ. ಚೈನು ಜೋತು ಬಿದ್ದು ಕವರಿಗೆ ಬಡೀತಿತ್ತು. ಅಂಗಡಿಯವನು "ಸೆಟ್ಟೇ ಹಾಕ್ಸು ಗೌಡ, ಹಲ್ಲೂ ಸವೆದಾವೆ" ಅಂದ. ಐನೂರು ರೂಪಾಯಿ ಉಳಿಯುತ್ತೆ ಅಂತ ಬರೀ ಚೈನು ತಂದು, ಮನೆ ಮುಂದೆ ಕೂತು ನಾನೇ ಹಾಕಿದೆ. ಒಂದೂವರೆ ತಿಂಗಳೂ ಆಗಲಿಲ್ಲ. ಬೆಳಗಿನ ಜಾವ ಹಾಲಿನ ಕ್ಯಾನು ಕಟ್ಟಿ, ಹೆಂಡತಿಯನ್ನು ಕೂರಿಸಿಕೊಂಡು ಹಳ್ಳ ಹತ್ತುತ್ತಿದ್ದೆ. ಟಪ್ ಅಂತ ಶಬ್ದ. ಚೈನು ಬಿಟ್ಟುಕೊಂಡು ಮುಂದಿನ ಹಲ್ಲುಚಕ್ರಕ್ಕೆ ಸುತ್ತಿ, ಎಂಜಿನ್ನಿನ ಕವಚಕ್ಕೆ ಬಡಿದು ಸೀಳೇ ಬಿಟ್ಟಿತು. ಮರಳಲ್ಲಿ ಬಿದ್ದದ್ದಕ್ಕೆ ನಮ್ಮಿಬ್ಬರಿಗೂ ಮೊಣಕಾಲು ತರಚಿದ್ದಷ್ಟೇ. ಡಾಂಬರು ರಸ್ತೆಯಲ್ಲಿ, ಹಿಂದೊಂದು ಲಾರಿ ಬರುವಾಗ ಹೀಗಾಗಿದ್ದರೆ ಈ ಲೇಖನ ಬರೆಯೋಕೆ ನಾನಿರ್ತಿರಲಿಲ್ಲ. ರಿಪೇರಿಗೆ 4,300 ರೂಪಾಯಿ ಹೋಯಿತು. ಚೆಲ್ಲಿದ ಹಾಲಿನ ಲೆಕ್ಕ ಬೇರೆ.

ತಪ್ಪು ನಂದೇ. ಚೈನಿನ ಎರಡು ತುದಿ ಸೇರಿಸುವ ಲಾಕು ಇರುತ್ತಲ್ಲ, ಮೀನಿನ ಆಕಾರದ್ದು, ಅದನ್ನು ತಿರುವುಮುರುವು ಹಾಕಿದ್ದೆ. ಲಾಕಿನ ಮುಚ್ಚಿದ ಮೂಗು ಚೈನು ಓಡುವ ದಿಕ್ಕಿಗೆ ಇರಬೇಕು, ಸೀಳಿರುವ ಬಾಲ ಹಿಂದಕ್ಕೆ. ಲಾಕು ಮೇಲಿನ ಸಾಲಿನಲ್ಲಿ ನಿಂತಾಗ ಮೂಗು ಎಂಜಿನ್ ಕಡೆ ನೋಡುತ್ತಿದ್ದರೆ ಸರಿ. ಉಲ್ಟಾ ಇದ್ದರೆ ಏನಾದ್ರೂ ತಾಗಿದಾಗ ಸೀಳು ಬಾಯಿ ಬಿಟ್ಟು ಲಾಕು ಜಾರಿ ಹೋಗುತ್ತೆ. ಹಳೇ ಲಾಕನ್ನು ಮತ್ತೆ ಹಾಕಲೇಬೇಡಿ.

ಹಿಗ್ಗೋದು ಯಾವುದು?

ಚೈನು ಹಿಗ್ಗಿತು ಅಂತೀವಿ. ಪಟ್ಟಿ ಹಿಗ್ಗೋದಲ್ಲ. ಪ್ರತಿ ಕೊಂಡಿಯ ಒಳಗೆ ಒಂದು ಪಿನ್ನು, ಅದರ ಸುತ್ತ ಬುಶ್ಶು ಇದಾವೆ. ನಮ್ಮ ಕೆಂಪು ಮಣ್ಣಿನ ನುಣ್ಣನೆ ಮರಳು ಆಯಿಲ್ ಜೊತೆ ಸೇರಿ ಒಳಗೆ ಹೋಗಿ ಸಾಣೆ ಹಿಡಿದ ಹಾಗೆ ತಿನ್ನುತ್ತೆ. ಸುಟ್ಟ ಆಯಿಲ್ ಸುರಿಯೋದು ಅಂದ್ರೆ ಈ ಸಾಣೆಗೆ ನಾವೇ ಮಸಾಲೆ ಅರೆದು ಕೊಟ್ಟಂಗೆ. ಕೊಂಡಿಗೆ ಕಾಲು ಮಿಲ್ಲಿಮೀಟರ್ ಸವೆದರೂ ಇಪ್ಪತ್ತು ಕೊಂಡಿಗೆ 5 ಮಿ.ಮೀ. ಆಯಿತು. ಹಲ್ಲಿನ ಅಂತರಕ್ಕೂ ಕೊಂಡಿಯ ಅಂತರಕ್ಕೂ ಆಗ ಹೊಂದಿಕೆ ಇರಲ್ಲ. ಹಲ್ಲು ಕುಡುಗೋಲಿನ ಹಾಗೆ ಬಾಗುತ್ತೆ. ಅಂಥ ಹಲ್ಲಿಗೆ ಹೊಸ ಚೈನು ಹಾಕಿದರೆ ಹೊಸದೂ ಬೇಗ ಹಾಳು. ಹಾಗಾಗಿ ಚೈನು, ಮುಂದಿನ ಹಲ್ಲುಚಕ್ರ, ಹಿಂದಿನ ಹಲ್ಲುಚಕ್ರ ಮೂರನ್ನೂ ಒಟ್ಟಿಗೆ ಬದಲಿಸಬೇಕು. ನನ್ನ ಐನೂರು ರೂಪಾಯಿ ಹೋದ ದಾರಿ ಇದು.

ಅಳೆಯೋಕೆ ಟೇಪು ಸಾಕು. ನಮ್ಮ ಕಡೆ ಓಡಾಡುವ ನೂರು ಸಿಸಿ ಬೈಕುಗಳಲ್ಲಿ ಹೆಚ್ಚಾಗಿ ಇರೋದು 428 ನಂಬರಿನ ಚೈನು. ಮೊದಲ ಅಂಕಿ 4 ಅಂದ್ರೆ ಇಂಚಿನ ಎಂಟು ಭಾಗದಲ್ಲಿ ನಾಲ್ಕು. ಅಂದರೆ ಒಂದು ಪಿನ್ನಿನ ನಡುವಿನಿಂದ ಮುಂದಿನ ಪಿನ್ನಿನ ನಡುವಿಗೆ ಅರ್ಧ ಇಂಚು. ಹಾಗಾಗಿ ಚೈನು ಬಿಗಿ ಎಳೆದು ಹಿಡಿದು 1ನೇ ಪಿನ್ನಿಂದ 21ನೇ ಪಿನ್ನಿನವರೆಗೆ ಅಳೆದರೆ ಹೊಸದರಲ್ಲಿ ಸರಿಯಾಗಿ 10 ಇಂಚು (254 ಮಿ.ಮೀ.) ಬರಬೇಕು. 259 ಮಿ.ಮೀ. ಬಂದರೆ ಅದರ ಕಾಲ ಮುಗೀತು ಅಂತ ತಿಳೀರಿ. ಮೂರ್ನಾಲ್ಕು ಕಡೆ ಅಳೆಯಬೇಕು, ಚೈನು ಎಲ್ಲಾ ಕಡೆ ಒಂದೇ ಸಮ ಸವೆಯಲ್ಲ.

ಕೊಳ್ಳುವಾಗ ಪಟ್ಟಿಯ ಮೇಲೆ ಒತ್ತಿದ ನಂಬರು ಓದಿ. 420 ಕೂಡ ಅರ್ಧ ಇಂಚಿನದೇ, ಆದರೆ ಒಳ ಅಗಲ ಕಾಲು ಇಂಚು. 428ರದ್ದು 5/16 ಇಂಚು. ನೋಡೋಕೆ ಒಂದೇ ಥರ ಕಂಡರೂ ಒಂದರ ಜಾಗಕ್ಕೆ ಇನ್ನೊಂದು ಕೂರಲ್ಲ. 428ರ ಮುಂದೆ ಎಚ್ ಅಂತಿದ್ದರೆ ಪಟ್ಟಿ ದಪ್ಪ. ಹೊರೆ ಹೊರುವ ನಮ್ಮಂಥವರಿಗೆ ಅದು ವಾಸಿ. ಹಳೇ ಚೈನಿನ ಕೊಂಡಿ, ಎರಡೂ ಚಕ್ರದ ಹಲ್ಲು ಎಣಿಸಿ ಚೀಟಿಯಲ್ಲಿ ಬರಕೊಂಡು ಹೋಗಿ. ಎಳೆತ ಜಾಸ್ತಿ ಬರಲಿ ಅಂತ ಮುಂದೆ ಒಂದು ಹಲ್ಲು ಕಡಿಮೆ ಇರೋದು ಹಾಕಿಸ್ತಾರೆ ಕೆಲವರು. ಎಳೆತ ಬರೋದು ನಿಜ, ಆದರೆ ಚೈನು ಹೆಚ್ಚು ಬಾಗಿ ತಿರುಗಿ ಬೇಗ ಸವೆಯುತ್ತೆ. ರಬ್ಬರ್ ರಿಂಗಿನ ಚೈನು ದೊಡ್ಡ ಬೈಕಿನವರ ಬಾಬತ್ತು, ಅದು ಅಗಲ ಜಾಸ್ತಿ.

ಹೊರೆ ಹೇರಿಯೇ ಬಿಗಿ ನೋಡಿ

ಬಿಗಿ ಮಾಡೋದರಲ್ಲಿ ನಾವು ಹೊಲದವರು ಎಡವೋದು ಇಲ್ಲೇ. ಖಾಲಿ ಗಾಡಿ ಸ್ಟ್ಯಾಂಡ್ ಹಾಕಿ, ಚೈನು ಕುಣಿಯಬಾರದು ಅಂತ ತಂತಿಯ ಹಾಗೆ ಬಿಗೀತೀವಿ. ಎರಡು ಚೀಲ ಹೇರಿದಾಗ ಹಿಂದಿನ ಚಕ್ರ ಮೇಲೆ ಬಂದು ಎಂಜಿನ್ನಿಗೂ ಅದಕ್ಕೂ ದೂರ ಹೆಚ್ಚುತ್ತೆ, ಚೈನು ಇನ್ನೂ ಬಿಗಿಯಾಗುತ್ತೆ. ಆ ಎಳೆತವೆಲ್ಲಾ ಎಂಜಿನ್ನಿನ ಬೇರಿಂಗಿಗೆ. ಕೆಳಗಿನ ಸಾಲನ್ನು ಕವರಿನ ರಬ್ಬರ್ ಮುಚ್ಚಳ ತೆಗೆದು ಬೆರಳಲ್ಲಿ ಎತ್ತಿ ಇಳಿಸಿದರೆ ಸುಮಾರು ಒಂದು ಇಂಚು ಆಡಬೇಕು. ಚಕ್ರ ತಿರುಗಿಸುತ್ತಾ ಅತಿ ಬಿಗಿ ಇರುವ ಜಾಗದಲ್ಲಿ ಇದನ್ನು ನೋಡಬೇಕು. ಆಮೇಲೆ ಇಬ್ಬರು ಕೂತು ಇನ್ನೊಬ್ಬರಿಂದ ಮುಟ್ಟಿಸಿ ನೋಡಿ, ಆಗಲೂ ಸ್ವಲ್ಪ ಆಡಬೇಕು. ಎರಡೂ ಬದಿಯ ಗೆರೆ ಸಮ ಇರಲಿ, ಇಲ್ಲಾಂದ್ರೆ ಚಕ್ರ ಸೊಟ್ಟ. ಚಕ್ರ ಹಿಂದೆ ಸರಿದಾಗ ಹಿಂದಿನ ಬ್ರೇಕಿನ ಆಟವೂ ಬದಲಾಗುತ್ತೆ, ಅದನ್ನೂ ಸರಿ ಮಾಡಿ.

ಈಗ ನಾನು ಹದಿನೈದು ದಿನಕ್ಕೊಮ್ಮೆ, ಮಳೆಯಲ್ಲಿ ಕೆಸರು ತುಳಿದರೆ ಅವತ್ತೇ, ಚೈನು ನೋಡ್ತೀನಿ. ಸೀಮೆಎಣ್ಣೆ ಸಿಕ್ಕಾಗ ಅದರಲ್ಲಿ ಅದ್ದಿದ ಬ್ರಶ್ಶಿನಿಂದ, ಇಲ್ಲದಿದ್ದರೆ ಡೀಸೆಲ್‌ನಿಂದ ಉಜ್ಜಿ, ಬಟ್ಟೆಯಲ್ಲಿ ಒರೆಸಿ, ಒಣಗಿದ ಮೇಲೆ 90 ನಂಬರಿನ ಗೇರ್ ಆಯಿಲ್ ಕೊಂಡಿಗೊಂದು ಹನಿ. (ರಬ್ಬರ್ ರಿಂಗಿನ ಚೈನಿಗೆ ಡೀಸೆಲ್, ಪೆಟ್ರೋಲು ತಾಗಿಸಬೇಡಿ.) ಇದು ಸಂಜೆಯ ಕೆಲಸ. ಓಡಿಬಂದ ಬಿಸಿಗೆ ಎಣ್ಣೆ ಒಳಗಿಳಿಯುತ್ತೆ, ಬೆಳಿಗ್ಗೆ ಹೊರಗಿನ ಜಿಡ್ಡು ಒರೆಸಿಬಿಡಬೇಕು. ಹೊರಗೆ ಎಣ್ಣೆ ಜಾಸ್ತಿ ಇದ್ದಷ್ಟೂ ದೂಳು ಅಂಟುತ್ತೆ. ಚಕ್ರ ಕೈಯಲ್ಲೇ ತಿರುಗಿಸಿ. ಎಂಜಿನ್ ಚಾಲೂ ಇಟ್ಟು ಗೇರ್ ಹಾಕಿ ಬಟ್ಟೆ ಹಿಡಿಯೋಕೆ ಹೋಗಿ ನಮ್ಮ ಕೇರಿಯ ಹುಡುಗನೊಬ್ಬ ಬೆರಳ ತುದಿ ಕಳಕೊಂಡ.

ಇನ್ನೊಂದು ಮಾತು. ಕೆಸರು ಸಿಕ್ಕಿಹಾಕ್ಕೊಳ್ಳುತ್ತೆ ಅಂತ ಚೈನ್ ಕವರು ಬಿಚ್ಚಿ ಅಟ್ಟಕ್ಕೆ ಎಸೆದವರು ನಮ್ಮೂರಲ್ಲಿ ಹತ್ತು ಮಂದಿ ಸಿಗ್ತಾರೆ. ಹಿಂದೆ ಕೂರುವ ಹೆಂಗಸರ ಸೆರಗು ನೆನೆಸಿಕೊಂಡು ಅದನ್ನು ವಾಪಸ್ ಹಾಕಿಸಿ. ಕೆಸರು ತೆಗೆಯೋಕೆ ಬೇಕಾದ್ದು ಒಂದು ಕಡ್ಡಿ, ಐದು ನಿಮಿಷ.

ಎಂಜಿನ್ ಕವಚ ಹಾಕಿಸಿದ ದಿನವೇ ಮೂರೂ ಹೊಸದು ಹಾಕಿಸಿದೆ. ಲಾಕು ಹಾಕುವಾಗ ಹೆಂಡತಿಯೇ ಪಕ್ಕದಲ್ಲಿ ಕೂತು ಮೂಗು ಯಾವ ಕಡೆ ಅಂತ ಎರಡು ಸಲ ಕೇಳಿದಳು. ವರ್ಷ ಕಳೆದ ಮೇಲೆ ಟೇಪು ಹಿಡಿದಾಗ 255 ಬಂತು.