ಚರ್ಮಗಾರಿಕೆಗೆ ಮರಳಲಿಚ್ಛಿಸುವ ಕುಟುಂಬಗಳ ಗಮನಕ್ಕೆ: ಕೊಲ್ಹಾಪುರಿ ಪಾದರಕ್ಷೆಯ ಕಸುಬು

ಪೀಠಿಕೆ

ಬೆಳಗಾವಿ ಜಿಲ್ಲೆಯ ಅಥಣಿ, ನಿಪ್ಪಾಣಿ, ಮದಭಾವಿ ಮುಂತಾದ ಸ್ಥಳಗಳಲ್ಲಿ ಕೈಯಿಂದಲೇ ತಯಾರಾಗುವ ಚರ್ಮದ ಪಾದರಕ್ಷೆಗಳು ಕೊಲ್ಹಾಪುರಿ ಚಪ್ಪಲಿ ಎಂಬ ಹೆಸರಿನಿಂದ ಪ್ರಸಿದ್ಧವಾಗಿವೆ. ಛತ್ರಪತಿ ಶಾಹು ಮಹಾರಾಜರ ಆಳ್ವಿಕೆಯ ಕಾಲದಲ್ಲಿ (1894–1922) ಈ ಕಸುಬಿಗೆ ಪ್ರೋತ್ಸಾಹ ದೊರೆತು, ಕೊಲ್ಹಾಪುರದಲ್ಲಿ ಮಾರುಕಟ್ಟೆ ಬೆಳೆದುದರಿಂದ ಹೆಸರು ಆ ನಗರಕ್ಕೆ ಸಂದಿತು. ತಯಾರಿಕೆ ಮಾತ್ರ ಇಂದಿನ ಗಡಿಯ ಎರಡೂ ಬದಿಯ ಊರುಗಳಲ್ಲಿ ನಡೆದುಬಂದಿದೆ. ಢೋರ ಸಮುದಾಯದವರು ತೊಗಲನ್ನು ಹದ ಮಾಡುವುದು, ಸಮಗಾರರು ಅದರಿಂದ ಪಾದರಕ್ಷೆ ತಯಾರಿಸುವುದು ಹಿಂದಿನಿಂದ ಬಂದ ಕ್ರಮವಾಗಿದೆ.

ಈ ಕಸುಬನ್ನು ಹತ್ತು ಹದಿನೈದು ವರ್ಷಗಳ ಹಿಂದೆ ಕೈಬಿಟ್ಟು, ಕಟ್ಟಡ ಕೆಲಸ, ಕಾರ್ಖಾನೆ ಕೂಲಿ, ಕಬ್ಬಿನ ಕಟಾವು ಮುಂತಾದವುಗಳಲ್ಲಿ ತೊಡಗಿದ್ದು, ಈಗ ಪುನಃ ಮನೆಯ ಕಸುಬಿಗೆ ಮರಳಲು ಇಚ್ಛಿಸುವ ಕುಟುಂಬಗಳ ಉಪಯೋಗಕ್ಕಾಗಿ ಈ ಕೆಳಕಂಡ ಮಾಹಿತಿಯನ್ನು ಒದಗಿಸಲಾಗಿದೆ. ಇಂತಹ ಕುಟುಂಬಗಳು ಸಾಮಾನ್ಯವಾಗಿ ಮೊದಲು ವಿಚಾರಿಸುವುದು ಸಾಲ ಹಾಗೂ ಸಹಾಯಧನದ ಬಗ್ಗೆ. ಆದರೆ ಅದಕ್ಕೂ ಮುನ್ನ ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದಿದೆ: ಹಿಂದೆ ಯಾವ ಕಾರಣಕ್ಕಾಗಿ ಕಸುಬು ಬಿಡಲಾಯಿತೋ, ಆ ಕಾರಣ ಈಗ ನಿವಾರಣೆಯಾಗಿದೆಯೇ?

ಕಸುಬು ಕೈಬಿಟ್ಟ ಕಾರಣಗಳು

ಪ್ಲಾಸ್ಟಿಕ್ ಹಾಗೂ ರಬ್ಬರ್ ಪಾದರಕ್ಷೆಗಳು ಕಡಿಮೆ ಬೆಲೆಗೆ ಹಳ್ಳಿಯ ಸಂತೆಗೂ ಬಂದುದು, ಉತ್ತಮ ತೊಗಲಿನ ಅಭಾವ, ವ್ಯಾಪಾರಿಗಳಿಂದ ಪಡೆದ ಮುಂಗಡದಿಂದಾಗಿ ಅವರು ಹೇಳಿದ ದರಕ್ಕೇ ಮಾಲು ಕೊಡಬೇಕಾಗಿ ಬಂದುದು, ಇವು ಎಲ್ಲರೂ ಹೇಳುವ ಕಾರಣಗಳು. ಇವುಗಳೊಂದಿಗೆ ಮತ್ತೊಂದು ಕಾರಣವನ್ನೂ ಮುಚ್ಚುಮರೆಯಿಲ್ಲದೆ ಹೇಳಬೇಕಾಗುತ್ತದೆ. ತೊಗಲು ಮುಟ್ಟುವ ಕೈಗಳನ್ನು ಸಮಾಜವು ಗೌರವದಿಂದ ಕಾಣಲಿಲ್ಲ. ಓದಿದ ಮಕ್ಕಳು ಈ ಕೆಲಸಕ್ಕೆ ಕೂರುವುದು ಬೇಡವೆಂದು ತಂದೆತಾಯಿಯರೇ ತೀರ್ಮಾನಿಸಿದ ಮನೆಗಳು ಅನೇಕ. ಆ ತೀರ್ಮಾನವನ್ನು ತಪ್ಪೆಂದು ಹೇಳಲಾಗದು.

ಹನ್ನೆರಡನೆಯ ಶತಮಾನದ ಶರಣರಲ್ಲಿ ಸಮಗಾರ ಹರಳಯ್ಯನವರು ಪೂಜ್ಯ ಸ್ಥಾನ ಪಡೆದಿರುವುದು ನಾಡಿಗೆಲ್ಲ ತಿಳಿದ ಸಂಗತಿ. ಆದರೆ ಹರಳಯ್ಯನವರನ್ನು ಗೌರವಿಸಿದ ಊರುಗಳು ಅವರ ಕಸುಬಿನವರನ್ನು ಊರಂಚಿನಲ್ಲಿಯೇ ಇರಿಸಿದವು. ಆದುದರಿಂದ ಕಸುಬಿಗೆ ಮರಳುವುದೆಂದರೆ ಹಿಂದಿನ ಬಿಟ್ಟಿ ಚಾಕರಿಗೆ ಮರಳುವುದಲ್ಲ ಎಂಬುದನ್ನು ಕುಟುಂಬದವರೂ, ಊರಿನವರೂ ಅರಿಯತಕ್ಕದ್ದು. ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡಗಳ (ದೌರ್ಜನ್ಯ ತಡೆ) ಅಧಿನಿಯಮ, 1989ಕ್ಕೆ 2015ರಲ್ಲಿ ತಂದ ತಿದ್ದುಪಡಿಯ ಪ್ರಕಾರ, ಈ ವರ್ಗಗಳಿಗೆ ಸೇರದ ವ್ಯಕ್ತಿಯು ಇವರಿಂದ ಸತ್ತ ಪ್ರಾಣಿಗಳನ್ನು ಹೊರಿಸುವುದು ಅಥವಾ ವಿಲೇವಾರಿ ಮಾಡಿಸುವುದು ದಂಡನೀಯ ಅಪರಾಧವಾಗಿರುತ್ತದೆ. ಮನೆಯಲ್ಲಿ ಚಪ್ಪಲಿ ತಯಾರಿಕೆ ಆರಂಭವಾಯಿತೆಂಬ ಕಾರಣಕ್ಕೆ ಊರಿನ ಸತ್ತ ದನ ಸಾಗಿಸಲು ಕರೆಬಂದಲ್ಲಿ, ಹೋಗಬೇಕಾದ ಯಾವುದೇ ಬಾಧ್ಯತೆ ಇರುವುದಿಲ್ಲ.

ಇದು ಒಬ್ಬರ ಕೆಲಸವಲ್ಲ

ಮರಳಿ ಬಂದವರ ಕೈಯಲ್ಲಿ ಕೌಶಲ್ಯ ಪೂರ್ಣವಾಗಿ ಅಳಿದಿರುವುದಿಲ್ಲ. ರಂಪಿಗೆ ಹಿಡಿದು ಅಂಚು ಸವರುವುದು ಕೆಲವು ವಾರಗಳ ಅಭ್ಯಾಸದಿಂದ ಹಿಂದಿರುಗುತ್ತದೆ. ಆದರೆ ಒಂದು ಜೊತೆ ಚಪ್ಪಲಿಯು ಒಬ್ಬರ ಕೈಯಿಂದ ಆಗತಕ್ಕದ್ದಲ್ಲ. ಅಟ್ಟೆ ಕತ್ತರಿಸುವುದು, ಪದರಗಳನ್ನು ಜೋಡಿಸಿ ಕುಟ್ಟುವುದು, ಮೊಳೆ ಬಳಸದೆ ಚರ್ಮದ ಎಳೆಯಿಂದಲೇ ಹೊಲಿಯುವುದು ಸಾಮಾನ್ಯವಾಗಿ ಪುರುಷರ ಪಾಲಿನ ಕೆಲಸ. ತೆಳುವಾದ ಎಳೆಗಳನ್ನು ಸೀಳಿ ಹೆಣೆಯುವುದು, ಪಟ್ಟಿಯ ಮೇಲೆ ರಂಧ್ರಗಳ ಚಿತ್ತಾರ ಮೂಡಿಸುವುದು, ಗೊಂಡೆ ಕಟ್ಟುವುದು ಮಹಿಳೆಯರ ಪಾಲಿನದು. ಕೊಳ್ಳುವವರ ಕಣ್ಣು ಮೊದಲು ಬೀಳುವುದು ಈ ಹೆಣಿಗೆಯ ಮೇಲೆಯೇ.

ಆದುದರಿಂದ ಮರಳುವ ಮುನ್ನ ಮನೆಯಲ್ಲಿ ಹೆಣಿಗೆ ಬಲ್ಲವರು ಯಾರಿದ್ದಾರೆ ಎಂಬುದನ್ನು ನೋಡಿಕೊಳ್ಳತಕ್ಕದ್ದು. ಅನೇಕ ಮನೆಗಳಲ್ಲಿ ಅದನ್ನು ಬಲ್ಲವರು ಅತ್ತೆ ಅಥವಾ ಅಜ್ಜಿ ಮಾತ್ರ. ಸೊಸೆಯಂದಿರು ಬೇರೆ ಊರಿನಿಂದ, ಕೆಲವೊಮ್ಮೆ ಕಸುಬು ಬಿಟ್ಟ ಮನೆಗಳಿಂದಲೇ ಬಂದವರಾಗಿರುತ್ತಾರೆ. ಹಿರಿಯರ ಕಣ್ಣು ಮಂಜಾಗುವ ಮೊದಲೇ ಅವರ ಬಳಿ ಕುಳಿತು ಕಲಿಯುವುದು ಯಾವ ತರಬೇತಿ ಕೇಂದ್ರದಲ್ಲಿಯೂ ದೊರೆಯದ ಪಾಠ. ಮೊದಲ ಕೆಲವು ತಿಂಗಳು ದುರಸ್ತಿ ಕೆಲಸ ಹಾಗೂ ಸಾದಾ ಮಾದರಿಗಳಿಂದ ಆರಂಭಿಸಿ, ಕಾಪಶಿ, ಕುರುಂದವಾಡಿ ಮುಂತಾದ ಹೆಸರಾಂತ ಮಾದರಿಗಳಿಗೆ ನಂತರ ಕೈಹಾಕುವುದು ಉತ್ತಮ.

ಅಳತೆಯ ವಿಷಯದಲ್ಲಿಯೂ ಕಾಲ ಬದಲಾಗಿದೆ. ಹಿಂದೆ ಗಿರಾಕಿಯ ಪಾದವನ್ನು ಕಾಗದದ ಮೇಲಿರಿಸಿ ಗೆರೆ ಎಳೆದು ತಯಾರಿಸುವುದು ರೂಢಿಯಲ್ಲಿತ್ತು. ಈಗ ದೂರದ ಗ್ರಾಹಕರು ಸಂಖ್ಯೆ ಹೇಳಿ ತರಿಸಿಕೊಳ್ಳುತ್ತಾರೆ. ಎಡ ಬಲ ಎರಡೂ ಒಂದೇ ಬಣ್ಣ, ಒಂದೇ ದಪ್ಪ ಇರಬೇಕೆಂದು ಬಯಸುತ್ತಾರೆ. ಉಂಗುಷ್ಟ ಸ್ವಲ್ಪ ಬಿಗಿಯಾದರೂ ಜೊತೆ ವಾಪಸ್ಸು ಬರುತ್ತದೆ. ಇದನ್ನು ಹೊಸದಾಗಿಯೇ ಕಲಿಯಬೇಕಾಗುತ್ತದೆ.

ತೊಗಲು

ಅಟ್ಟೆಗೆ ಎಮ್ಮೆ ಅಥವಾ ಕೋಣದ ದಪ್ಪ ತೊಗಲನ್ನೂ, ಹೆಣಿಗೆಗೆ ಆಡಿನಂತಹ ತೆಳು ಚರ್ಮವನ್ನೂ ಬಳಸಲಾಗುತ್ತದೆ. ಸುಣ್ಣದ ನೀರಿನಲ್ಲಿ ನೆನೆಸಿ ಕೂದಲು ತೆಗೆದ ತೊಗಲನ್ನು ಚೀಲದಂತೆ ಹೊಲಿದು, ಜಾಲಿಯ ತೊಗಟೆ ಹಾಗೂ ಅಳಲೆಕಾಯಿಯನ್ನು ತುಂಬಿ ತೂಗುಹಾಕಿ, ಮೇಲಿನಿಂದ ತೊಗಟೆಯ ನೀರು ಸುರಿಯುತ್ತ ವಾರಗಟ್ಟಲೆ ಹದ ಮಾಡುವುದು ಸಾಂಪ್ರದಾಯಿಕ ವಿಧಾನ. ಕ್ರೋಮ್ ಲವಣದಿಂದ ಹದ ಮಾಡಿದ ಚರ್ಮ ಬೇಗನೆ ಸಿದ್ಧವಾಗುವುದಾದರೂ, ಕೊಲ್ಹಾಪುರಿ ಚಪ್ಪಲಿಯ ಗುಣ ಇರುವುದು ತೊಗಟೆಯ ಹದದಲ್ಲಿ.

ಮನೆಯ ಹಿತ್ತಲಿನಲ್ಲಿ ಹಳೆಯ ಬಾನಿಗಳನ್ನು ಪುನಃ ತುಂಬುವ ಮುನ್ನ ಯೋಚಿಸತಕ್ಕದ್ದು. ತೊಗಲು ಹದ ಮಾಡುವ ಘಟಕದಿಂದ ತ್ಯಾಜ್ಯ ನೀರು ಹೊರಬರುವುದರಿಂದ 1974ರ ಜಲ ಮಾಲಿನ್ಯ ಕಾಯ್ದೆಯಡಿ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ ಅವಶ್ಯಕ. ಹದವಾದ ಚರ್ಮವನ್ನು ಖರೀದಿಸಿ ಪಾದರಕ್ಷೆ ತಯಾರಿಸುವುದಾದಲ್ಲಿ ಈ ತೊಡಕು ಇರುವುದಿಲ್ಲ. ಹೊಸದಾಗಿ ಆರಂಭಿಸುವವರಿಗೆ ಅದೇ ಸೂಕ್ತ. ಖರೀದಿಯ ರಸೀದಿಯನ್ನು ಪ್ರತಿಬಾರಿಯೂ ಪಡೆದು ಇಟ್ಟುಕೊಳ್ಳಬೇಕು. ಜಾನುವಾರು ವಧೆ ಪ್ರತಿಬಂಧಕ ಅಧಿನಿಯಮ, 2020 ಜಾರಿಗೆ ಬಂದ ನಂತರ ರಾಜ್ಯದಲ್ಲಿ ದನಗಳ ವಧೆಗೂ, 13 ವರ್ಷದೊಳಗಿನ ಎಮ್ಮೆ ಕೋಣಗಳ ವಧೆಗೂ ನಿಷೇಧವಿದ್ದು, ಚರ್ಮ ಎಲ್ಲಿಂದ ಬಂದಿತೆಂಬ ಪ್ರಶ್ನೆ ಎದುರಾದಾಗ ರಸೀದಿಯೇ ಕುಶಲಕರ್ಮಿಗೆ ಆಧಾರ.

ದರ ನಿಗದಿ: ಲೆಕ್ಕಕ್ಕೆ ಬಾರದ ಕೂಲಿ

ಕಸುಬು ಬಿಟ್ಟ ಕಾರಣಗಳಲ್ಲಿ ಮುಖ್ಯವಾದುದು ಇಲ್ಲಿ ಅಡಗಿದೆ. ಹೆಚ್ಚಿನ ಮನೆಗಳಲ್ಲಿ ಚರ್ಮದ ಬೆಲೆಯನ್ನು ಕಳೆದು ಉಳಿದುದನ್ನೆಲ್ಲ ಲಾಭವೆಂದು ತಿಳಿಯಲಾಗುತ್ತಿತ್ತು. ಮನೆಮಂದಿಯ ದುಡಿಮೆಗೆ ಬೆಲೆ ಕಟ್ಟುವ ರೂಢಿ ಇರಲಿಲ್ಲ. ಈ ಕೆಳಗಿನ ಉದಾಹರಣೆಯ ದರಗಳು ಹಾಗೂ ದಿನಗಳು ಲೆಕ್ಕದ ಕ್ರಮವನ್ನು ತೋರಿಸಲು ಮಾತ್ರ; ಪ್ರತಿ ಕುಟುಂಬವೂ ತನ್ನ ಅಂಕಿಗಳನ್ನು ಹಾಕಿ ನೋಡತಕ್ಕದ್ದು.

ಹತ್ತು ಜೊತೆ ಚಪ್ಪಲಿಗೆ ಚರ್ಮ ರೂ. 3,500, ಬಣ್ಣ ಎಣ್ಣೆ ಇತ್ಯಾದಿ ರೂ. 300 ತಗಲಿತೆಂದು ಭಾವಿಸೋಣ. ಜೊತೆಗೆ ರೂ. 550ರಂತೆ ವ್ಯಾಪಾರಿಗೆ ಮಾರಿದರೆ ಬರುವುದು ರೂ. 5,500. ಖರ್ಚು ಕಳೆದು ಕೈಯಲ್ಲಿ ಉಳಿಯುವುದು ರೂ. 1,700. ಲಾಭವೆಂದು ಕಾಣುವ ಈ ಮೊತ್ತದ ಹಿಂದೆ ಗಂಡನ ಐದು ದಿನ, ಹೆಂಡತಿಯ ನಾಲ್ಕು ದಿನ, ಅತ್ತೆಯ ಮೂರು ದಿನದ ಕೆಲಸವಿದೆ. ಹನ್ನೆರಡು ಆಳು ದಿನಕ್ಕೆ ಹಂಚಿದರೆ ಒಬ್ಬರಿಗೆ ದಿನಕ್ಕೆ ಸುಮಾರು ರೂ. 142. ರಾಜ್ಯದಲ್ಲಿ 2025–26ನೇ ಸಾಲಿಗೆ ಉದ್ಯೋಗ ಖಾತರಿ ಯೋಜನೆಯಡಿ ನಿಗದಿಯಾಗಿದ್ದ ದಿನಗೂಲಿ ರೂ. 370. ಅಂದರೆ ಮನೆಯವರು ಕಸುಬು ಬಿಟ್ಟು ಕೂಲಿಗೆ ಹೋದುದು ಸೋಮಾರಿತನದಿಂದಲ್ಲ, ಅಭಿಮಾನದ ಕೊರತೆಯಿಂದಲೂ ಅಲ್ಲ. ಲೆಕ್ಕ ಬರೆಯದಿದ್ದರೂ ಲೆಕ್ಕ ಅವರಿಗೆ ತಿಳಿದಿತ್ತು.

ಇದೇ ಹತ್ತು ಜೊತೆಯನ್ನು ಮೇಳದಲ್ಲಿ ನೇರವಾಗಿ ರೂ. 900ರಂತೆ ಮಾರಿದರೆ ರೂ. 9,000 ಬರುತ್ತದೆ. ಚರ್ಮ ಇತ್ಯಾದಿ ರೂ. 3,800, ಪ್ರಯಾಣ ಹಾಗೂ ಪೊಟ್ಟಣದ ಖರ್ಚು ರೂ. 800 ಕಳೆದರೆ ಉಳಿಯುವುದು ರೂ. 4,400. ಮಾರಾಟಕ್ಕೆ ಹೋದ ಎರಡು ದಿನವನ್ನೂ ಸೇರಿಸಿ ಹದಿನಾಲ್ಕು ಆಳು ದಿನಕ್ಕೆ ಹಂಚಿದರೆ ದಿನಕ್ಕೆ ರೂ. 314. ಪರಿಸ್ಥಿತಿ ಉತ್ತಮವಾಯಿತಾದರೂ ಕೂಲಿಯ ಮಟ್ಟವನ್ನು ಇನ್ನೂ ಮುಟ್ಟಲಿಲ್ಲ. ಮುಟ್ಟಬೇಕಾದರೆ ಜೊತೆಗೆ ರೂ. 978 ದೊರೆಯಬೇಕು. ಗ್ರಾಹಕರು ಚೌಕಾಸಿ ಮಾಡುವಾಗ ಯಾವ ದರಕ್ಕಿಂತ ಕೆಳಗಿಳಿಯಬಾರದು ಎಂಬುದು ಈ ಲೆಕ್ಕದಿಂದ ಸ್ಪಷ್ಟವಾಗುತ್ತದೆ. ಒಂದು ನೋಟ್ ಪುಸ್ತಕದಲ್ಲಿ ಮನೆಯ ಪ್ರತಿಯೊಬ್ಬರ ಕೆಲಸದ ದಿನಗಳನ್ನು ಬರೆದಿಡುವುದು ಸಾಕು. ಇದಕ್ಕೆ ಲೆಕ್ಕಪರಿಶೋಧಕರ ಅವಶ್ಯಕತೆ ಇಲ್ಲ.

ತೆರಿಗೆಯ ಭಯ ಬೇಡ. 2025ರ ಸೆಪ್ಟೆಂಬರ್ 22ರಿಂದ ಜೊತೆಗೆ ರೂ. 2,500ರವರೆಗಿನ ಪಾದರಕ್ಷೆಗಳಿಗೆ ಸರಕು ಮತ್ತು ಸೇವಾ ತೆರಿಗೆಯ ದರ ಶೇ. 5 ಆಗಿದೆ. ರಾಜ್ಯದೊಳಗೆ ಸರಕು ಮಾರುವವರ ವಾರ್ಷಿಕ ವಹಿವಾಟು ರೂ. 40 ಲಕ್ಷ ಮೀರದಿದ್ದಲ್ಲಿ ಸಾಮಾನ್ಯವಾಗಿ ನೋಂದಣಿಯ ಅಗತ್ಯವೂ ಇರುವುದಿಲ್ಲ.

ಸಾಲ ಪಡೆಯುವ ಮುನ್ನ

2023ರ ಸೆಪ್ಟೆಂಬರ್ 17ರಂದು ಆರಂಭವಾದ ಪಿ.ಎಂ. ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಪಾದರಕ್ಷೆ ತಯಾರಿಕೆಯೂ ಸೇರಿದೆ. ಮೂಲ ತರಬೇತಿ, ತರಬೇತಿಯ ಅವಧಿಯಲ್ಲಿ ದಿನಕ್ಕೆ ರೂ. 500 ಶಿಷ್ಯವೇತನ, ಉಪಕರಣಗಳಿಗೆ ರೂ. 15,000ದವರೆಗೆ ಪ್ರೋತ್ಸಾಹಧನ, ಹಾಗೂ ಶೇ. 5ರ ಬಡ್ಡಿಯಲ್ಲಿ ಆಧಾರರಹಿತವಾಗಿ ಮೊದಲ ಕಂತಿನಲ್ಲಿ ರೂ. 1 ಲಕ್ಷದವರೆಗೆ, ಎರಡನೆಯ ಕಂತಿನಲ್ಲಿ ರೂ. 2 ಲಕ್ಷದವರೆಗೆ ಸಾಲ ಲಭ್ಯವಿರುತ್ತದೆ. ಸಾಮಾನ್ಯ ಸೇವಾ ಕೇಂದ್ರದ ಮೂಲಕ ನೋಂದಣಿ ನಡೆದು, ಗ್ರಾಮ ಪಂಚಾಯಿತಿ ಅಥವಾ ನಗರ ಸ್ಥಳೀಯ ಸಂಸ್ಥೆಯ ಮಟ್ಟದಲ್ಲಿ ಮೊದಲ ಪರಿಶೀಲನೆ ಆಗುತ್ತದೆ.

ಮರಳುವವರು ಎಡವುವುದು ಇಲ್ಲಿಯೇ. ನೋಂದಣಿಯ ವೇಳೆಗೆ ಅರ್ಜಿದಾರರು ಸ್ವಯಂ ಉದ್ಯೋಗವಾಗಿ ಕಸುಬಿನಲ್ಲಿ ತೊಡಗಿರಬೇಕೆಂಬುದು ಷರತ್ತು. ತಂದೆ ಮಾಡುತ್ತಿದ್ದರು, ತಾನೂ ಬಲ್ಲೆ ಎಂಬುದು ಸಾಲದು. ಆದುದರಿಂದ ಮನೆಯಲ್ಲಿರುವ ಹಳೆಯ ಉಪಕರಣಗಳಿಂದಲೇ ಸಣ್ಣ ಪ್ರಮಾಣದಲ್ಲಿ ಕೆಲಸ ಆರಂಭಿಸಿ ನಂತರ ಅರ್ಜಿ ಸಲ್ಲಿಸತಕ್ಕದ್ದು. ಗಂಡ, ಹೆಂಡತಿ ಹಾಗೂ ಅವಿವಾಹಿತ ಮಕ್ಕಳಿರುವ ಕುಟುಂಬದಲ್ಲಿ ಒಬ್ಬರಿಗೆ ಮಾತ್ರ ಅವಕಾಶ. ಸರ್ಕಾರಿ ನೌಕರರಿಗೂ ಅವರ ಕುಟುಂಬದವರಿಗೂ ಅವಕಾಶವಿಲ್ಲ. ಗಂಡ ಖಾಸಗಿ ಕೂಲಿಯಲ್ಲಿಯೇ ಮುಂದುವರಿದು, ಹೆಂಡತಿ ಮನೆಯಲ್ಲಿ ಕಸುಬು ನಡೆಸುತ್ತಿದ್ದಲ್ಲಿ ಹೆಂಡತಿಯ ಹೆಸರಿನಲ್ಲಿ ನೋಂದಣಿ ಮಾಡಿಸುವುದೇ ಸರಿಯಾದ ಕ್ರಮ.

ಒಂದು ಲಕ್ಷವನ್ನು 18 ತಿಂಗಳಲ್ಲಿ ತೀರಿಸಲು ತಿಂಗಳಿಗೆ ಸುಮಾರು ರೂ. 5,780 ಕಟ್ಟಬೇಕಾಗುತ್ತದೆ. ಈ ಚಪ್ಪಲಿಗೆ ನೀರು ಆಗದು. ಮಳೆಗಾಲದಲ್ಲಿ ಮಾರಾಟ ಇಳಿಯುತ್ತದೆ, ಚರ್ಮ ಒಣಗುವುದೂ ಕಷ್ಟ. ಬೇಡಿಕೆ ಏರುವುದು ದಸರೆ, ದೀಪಾವಳಿ ಹಾಗೂ ಮದುವೆ, ಜಾತ್ರೆಗಳ ಕಾಲದಲ್ಲಿ. ಕಂತು ಮಾತ್ರ ಮಳೆಯೆಂದು ನಿಲ್ಲುವುದಿಲ್ಲ. ದೊರೆಯುತ್ತದೆ ಎಂಬ ಕಾರಣಕ್ಕೆ ಪೂರ್ಣ ಮೊತ್ತ ಪಡೆಯದೆ, ಒಂದು ಹಂಗಾಮಿನ ಚರ್ಮಕ್ಕೆ ಬೇಕಾದಷ್ಟನ್ನೇ ಪಡೆಯುವುದು, ಮಳೆಗಾಲದ ಕಂತುಗಳನ್ನು ಬೇಸಿಗೆಯ ಆದಾಯದಿಂದ ತೆಗೆದಿರಿಸುವುದು ಕ್ಷೇಮಕರ.

ಹೆಸರಿನ ಹಕ್ಕು

ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆತಿದೆ. ಮಹಾರಾಷ್ಟ್ರದ ಕೊಲ್ಹಾಪುರ, ಸಾಂಗಲಿ, ಸಾತಾರಾ, ಸೊಲ್ಲಾಪುರ ಹಾಗೂ ಕರ್ನಾಟಕದ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳು ಇದರ ವ್ಯಾಪ್ತಿಗೆ ಸೇರುತ್ತವೆ. ಕರ್ನಾಟಕದ ಪರವಾಗಿ ಡಾ. ಬಾಬು ಜಗಜೀವನ್ ರಾಮ್ ಚರ್ಮ ಕೈಗಾರಿಕಾ ಅಭಿವೃದ್ಧಿ ನಿಗಮ (ಲಿಡ್‌ಕರ್), ಮಹಾರಾಷ್ಟ್ರದ ಪರವಾಗಿ ಲಿಡ್‌ಕಾಮ್ ಈ ಮಾನ್ಯತೆಯನ್ನು ಹೊಂದಿವೆ. 2025ರ ಜೂನ್‌ನಲ್ಲಿ ಇಟಲಿಯ ಪ್ರಾಡಾ ಸಂಸ್ಥೆಯು ಮಿಲಾನ್ ನಗರದಲ್ಲಿ ಇದೇ ರೂಪದ ಪಾದರಕ್ಷೆಯನ್ನು ಮೂಲವನ್ನು ಹೆಸರಿಸದೆ ಪ್ರದರ್ಶಿಸಿತು. ಆಕ್ಷೇಪಣೆಗಳು ಬಂದ ನಂತರ ಭಾರತೀಯ ಕರಕುಶಲತೆಯಿಂದ ಪ್ರೇರಣೆ ಪಡೆದುದನ್ನು ಒಪ್ಪಿಕೊಂಡಿತು. ಅದೇ ವರ್ಷ ಡಿಸೆಂಬರ್‌ನಲ್ಲಿ ಈ ಎರಡೂ ನಿಗಮಗಳೊಂದಿಗೆ ಒಪ್ಪಂದ ಮಾಡಿಕೊಂಡು, ಎರಡು ರಾಜ್ಯಗಳಲ್ಲಿ 2,000 ಜೊತೆ ತಯಾರಿಸುವ ಯೋಜನೆ ಪ್ರಕಟವಾಯಿತು.

ಹೆಸರು ನಿಗಮದ ಬಳಿ ಇದ್ದರೆ ಮನೆಗೆ ಉಪಯೋಗವಾಗದು. ಕುಶಲಕರ್ಮಿಯು ಚೆನ್ನೈನ ಭೌಗೋಳಿಕ ಸೂಚಕಗಳ ನೋಂದಣಿ ಕಚೇರಿಯಲ್ಲಿ ಅಧಿಕೃತ ಬಳಕೆದಾರರಾಗಿ ನೋಂದಾಯಿಸಿಕೊಂಡಾಗ ಮಾತ್ರ ಆ ಗುರುತನ್ನು ತನ್ನ ಮಾಲಿನ ಮೇಲೆ ಬಳಸುವ ಹಕ್ಕು ದೊರೆಯುತ್ತದೆ. 2020ರ ನಿಯಮ ತಿದ್ದುಪಡಿಯಲ್ಲಿ ಇದರ ಅರ್ಜಿ ಶುಲ್ಕವನ್ನು ರೂ. 500ರಿಂದ ರೂ. 10ಕ್ಕೆ ಇಳಿಸಲಾಯಿತು. ಇಲ್ಲಿ ಮನೆಗೆ ಒಬ್ಬರೆಂಬ ನಿರ್ಬಂಧವಿಲ್ಲ. ಕರಕುಶಲ ವಸ್ತುವನ್ನು ತಯಾರಿಸುವ ವ್ಯಕ್ತಿಯನ್ನು ಕಾಯ್ದೆಯು ಉತ್ಪಾದಕರೆಂದು ಕರೆಯುವುದರಿಂದ, ಅಟ್ಟೆ ಹೊಲಿಯುವ ಗಂಡನಂತೆಯೇ ಪಟ್ಟಿ ಹೆಣೆಯುವ ಹೆಂಡತಿಯೂ ತನ್ನ ಹೆಸರಿನಲ್ಲಿ ಪ್ರತ್ಯೇಕ ಅರ್ಜಿ ಸಲ್ಲಿಸಬಹುದಾಗಿದೆ.