ಯಾವ ವರ್ಷದ ಮೊಹರಂ?

ಗೌರಿಬಿದನೂರು ತಾಲ್ಲೂಕಿನ ಅಲೀಪುರದವರು ಬಾಲ್ಯದ ಬಗ್ಗೆ ಬರೆಯಲು ಕೂತರೆ ಮೊದಲು ಮೊಹರಂ ನೆನಪಾಗುವುದು ಸಹಜ. ಷಿಯಾ ಮುಸ್ಲಿಮರೇ ಹೆಚ್ಚಾಗಿರುವ ಊರು ಅದು. ಮಜ್ಲಿಸ್, ನೌಹಾ, ಮಾತಮ್, ಮೆರವಣಿಗೆ, ಹರಳಿನ ವ್ಯಾಪಾರಕ್ಕೆಂದು ಪರಊರು ಸೇರಿದ ಬಂಧುಗಳ ಬರುವಿಕೆ: ಹೇಳಲು ಬೇಕಾದಷ್ಟಿದೆ. ತೊಡಕೂ ಅಲ್ಲೇ ಇದೆ. ಹತ್ತಾರು ವರ್ಷದ ಮೊಹರಂಗಳು ಮನಸ್ಸಿನಲ್ಲಿ ಬೆರೆತುಹೋಗಿರುತ್ತವೆ. "ಪ್ರತಿವರ್ಷ ಹೀಗೆ ಮಾಡುತ್ತಿದ್ದೆವು" ಎಂದು ಶುರುಮಾಡಿದರೆ ಬರಹ ಆಚರಣೆಯ ವಿವರಣೆಯಾಗಿ ನಿಲ್ಲುತ್ತದೆ. ಕಿರು ನೆನಪಿಗೆ ಒಂದೇ ಒಂದು ಮೊಹರಂ ಬೇಕು.

ಅದನ್ನು ಬಿಡಿಸಿಕೊಳ್ಳಲು ಹಿಜರಿ ಪಂಚಾಂಗವೇ ನೆರವಾಗುತ್ತದೆ. ಆ ವರ್ಷಕ್ಕೆ 354 ಇಲ್ಲವೇ 355 ದಿನ. ಹಾಗಾಗಿ ಮೊಹರಂ ವರ್ಷವರ್ಷವೂ ಹತ್ತು–ಹನ್ನೊಂದು ದಿನ ಹಿಂದಕ್ಕೆ ಸರಿಯುತ್ತ, ಸುಮಾರು 33 ವರ್ಷಕ್ಕೆ ಎಲ್ಲ ಕಾಲಗಳನ್ನೂ ಸುತ್ತಿ ಬರುತ್ತದೆ. ಅಪ್ಪನ ಕೈಹಿಡಿದು ನಡೆದ ಆಶೂರಾ ದಿನ, ಅಂದರೆ ಮೊಹರಂನ ಹತ್ತನೆಯ ದಿನ, ಹೊಲದಲ್ಲಿ ರಾಗಿ ಕೊಯ್ಲು ನಡೆದಿತ್ತೇ? ಅದು 1979ರ ಆಸುಪಾಸು ಇರಬಹುದು. ಆ ವರ್ಷ ಆಶೂರಾ ಬಿದ್ದದ್ದು ನವೆಂಬರ್ ಕೊನೆಗೆ. ಮುಂಗಾರು ಮಳೆಗೆ ರಾಗಿ ಹೊಲ ಹದಮಾಡುವ ಕಾಲವಾಗಿದ್ದರೆ 1994ರ ಜೂನ್. ಕಾದ ನೆಲದಲ್ಲಿ ಅಂಗಾಲು ಸುಟ್ಟ ನೆನಪಿದ್ದರೆ 2000ದ ಏಪ್ರಿಲ್. ಅವರೆಕಾಯಿ ಸೊಗಡಿನ ದಿನಗಳಾದರೆ 2008ರ ಜನವರಿ. ಹಬ್ಬವೆಲ್ಲ ನಿಗದಿತ ಋತುವಿಗೇ ಬರುವ ಮನೆಗಳವರಿಗೆ ಈ ಅನುಕೂಲ ಇಲ್ಲ. ವರ್ಷ ಸಿಕ್ಕಿತೆಂದರೆ ಆಗ ನಿಮ್ಮ ವಯಸ್ಸೆಷ್ಟು, ಮನೆಯಲ್ಲಿ ಯಾರಿದ್ದರು, ಯಾರು ತೀರಿಕೊಂಡಿದ್ದರು ಎಂಬುದೆಲ್ಲ ಒಂದೊಂದಾಗಿ ತಾನೇ ಜಾಗಕ್ಕೆ ಬರುತ್ತದೆ.

ನೆನಪು ಎಷ್ಟು ಚಿಕ್ಕದಿರಬಹುದು? ಇದೇ ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಹುಟ್ಟಿದ ಎಚ್. ನರಸಿಂಹಯ್ಯನವರು ಮುಂದೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದರು, 'ಹೋರಾಟದ ಹಾದಿ' ಎಂಬ ಆತ್ಮಕಥೆ ಬರೆದರು. ಅವರ ಬದುಕಿನಲ್ಲಿ ಜನ ಇವತ್ತಿಗೂ ಎತ್ತಿ ಹೇಳುವುದು, ಹೈಸ್ಕೂಲು ಓದಬೇಕೆಂದು ಆ ಬಡ ಹುಡುಗ 1935ರಲ್ಲಿ ಬೆಂಗಳೂರಿಗೆ ಎರಡು ದಿನ ನಡೆದೇ ಹೋದದ್ದನ್ನು. ಅಷ್ಟರಲ್ಲೇ ಒಂದು ಪೂರ್ಣ ಬರಹವಿದೆ. ಇದೇ ಜಿಲ್ಲೆಯ ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರು 1951ರಲ್ಲಿ ಇಂಗ್ಲಿಷಿನಲ್ಲಿ ಹೊರತಂದ ನೆನಪಿನ ಪುಸ್ತಕದ ಗಮನವೆಲ್ಲ ಕೆಲಸದ ಮೇಲೆ. ಮನೆಯ ವಿಷಯಕ್ಕೆ ಅಲ್ಲಿ ಜಾಗ ಕಡಿಮೆ. ಅದೂ ಒಂದು ದಾರಿ. ಆದರೆ ಹೊಸದಾಗಿ ಬರೆಯುವವರಿಗೆ ನಾನು ಹೇಳುವುದು ಮೊದಲನೆಯದನ್ನೇ: ಒಂದು ದಾರಿ, ಒಂದು ದಿನ, ಜೊತೆಗಿದ್ದವರು.

ಬರೆದದ್ದನ್ನು ಮನೆಯವರಿಗೆ ಓದಿ ಹೇಳಿ. ಗಂಡಸರ ಮೆರವಣಿಗೆಯಲ್ಲಿ ನೀವು ಕಂಡದ್ದು ಒಂದಾದರೆ, ಹೆಂಗಸರ ಮಜ್ಲಿಸ್‌ನಲ್ಲಿ ಕೂತಿದ್ದ ಅಮ್ಮಿಗೋ ಖಾಲಾಗೋ ನೆನಪಿರುವುದು ಬೇರೆಯೇ. ಆ ದಿನ ಮಳೆಯೇ ಬರಲಿಲ್ಲ ಎಂದು ಅವರು ಹೇಳಿದರೆ ನಿಮ್ಮ ಮಳೆಯನ್ನು ಹೊಡೆದುಹಾಕಬೇಡಿ, ಅವರ ಮಾತನ್ನು ಅದರ ಪಕ್ಕದಲ್ಲೇ ಬರೆಯಿರಿ. ಊರಿನವರ ಹೆಸರು ಬಂದಿದ್ದರೆ, ಅಚ್ಚಿಗೆ ಕೊಡುವ ಮೊದಲು ಅವರನ್ನು ಕೇಳಿ.