ಗರಡಿಯಿಂದ ದಂಡಿಗೆ

ಲಿಂಗಸುಗೂರು ತಾಲ್ಲೂಕಿನ ಮುದಗಲ್ಲಿಗೆ ಹೋದವರ ಕಣ್ಣಿಗೆ ಮೊದಲು ಬೀಳುವುದು ಕೋಟೆಯ ಅಗಲವಾದ ಕಂದಕ, ಅದರಾಚೆಗಿನ ದುಂಡನೆಯ ಬುರುಜುಗಳು. ಕೃಷ್ಣೆ ಮತ್ತು ತುಂಗಭದ್ರೆಯರ ನಡುವಿನ ಈ ಸೀಮೆ ಹಳೆಯ ಶಾಸನಗಳ ಎಡೆದೊರೆ ನಾಡು. ಇದಕ್ಕಾಗಿ ವಿಜಯನಗರದ ಅರಸರೂ ಬಹಮನಿ ಸುಲ್ತಾನರೂ, ಅವರ ಬಳಿಕ ವಿಜಾಪುರದ ಆದಿಲ್‌ಶಾಹಿಗಳೂ ಸುಮಾರು ಇನ್ನೂರು ವರ್ಷ ಹೊಡೆದಾಡಿದರು. ಮುದಗಲ್ಲು ಎಷ್ಟು ಸಲ ಕೈ ಬದಲಾಯಿಸಿತು ಎಂಬುದು ಪಠ್ಯಪುಸ್ತಕಗಳಲ್ಲಿ ಸಿಗುತ್ತದೆ. ಆದರೆ ಈ ಕಂದಕದ ಅಂಚಿಗೆ ಬಂದು ನಿಂತ ಸಾವಿರಾರು ಆಳುಗಳು ಎಲ್ಲಿಂದ ಬಂದರು, ಏನನ್ನು ನಂಬಿ ಬಂದರು, ಅವರನ್ನು ಸೆಳೆಯಲು ಅರಸರು ಏನೇನು ಉಪಾಯ ಹೂಡಿದರು ಎಂಬ ಕಥೆ ಅಷ್ಟಾಗಿ ಯಾರ ಬಾಯಿಗೂ ಬಂದಿಲ್ಲ.

ಸೈನ್ಯಕ್ಕೆ ಜನ ಸೇರಿಸುವುದು ಯಾವ ಕಾಲದಲ್ಲೂ ಸುಲಭದ ಕೆಲಸವಲ್ಲ. ಇಂದು ಅದಕ್ಕೆ ಜಾಹೀರಾತು ಸಂಸ್ಥೆಗಳ ನೆರವೂ ಬೇಕಾಗಿದೆ. ಅಮೆರಿಕದ ಸೇನೆ 2002ರ ಜುಲೈ 4ರಂದು ತನ್ನದೇ ಒಂದು ಕಂಪ್ಯೂಟರ್ ಆಟವನ್ನು ಬಿಡುಗಡೆ ಮಾಡಿತು. ಹೆಸರು ‘ಅಮೆರಿಕಾಸ್ ಆರ್ಮಿ’. ಹುಡುಗರು ಮನೆಯಲ್ಲೇ ಕುಳಿತು ಸಿಪಾಯಿಯಾಗಿ ಆಡಬಹುದಿತ್ತು, ಅದೂ ಪುಕ್ಕಟೆಯಾಗಿ. ಇಪ್ಪತ್ತು ವರ್ಷ ನಡೆದ ಆ ಆಟ 2022ರಲ್ಲಿ ನಿಂತಿತು. ಅದೇ ದೇಶದ ನ್ಯಾಷನಲ್ ಗಾರ್ಡ್ ಪಡೆ ‘ನಾಸ್ಕಾರ್’ ಕಾರು ಪಂದ್ಯದ ಕಾರಿನ ಮೇಲೆ ತನ್ನ ಹೆಸರು ಬರೆಸಲು 2012ರಲ್ಲಿ ಸುಮಾರು 2 ಕೋಟಿ 65 ಲಕ್ಷ ಡಾಲರ್ ಸುರಿಯಿತು. ಆ ಹಣದಿಂದ ಆ ವರ್ಷ ಒಬ್ಬನೇ ಒಬ್ಬ ಹುಡುಗನೂ ಪಡೆಗೆ ಸೇರಲಿಲ್ಲ ಎಂಬ ಸಂಗತಿ 2014ರಲ್ಲಿ ಅಲ್ಲಿನ ಸೆನೆಟ್ ಸಮಿತಿಯ ಮುಂದೆ ಬಂದು ನಗೆಪಾಟಲಾಯಿತು. ಕಾರು ನೋಡಲು ಬಂದವರು ಕಾರು ನೋಡಿಕೊಂಡು ಹೋಗಿದ್ದರು.

ಆಟದ ಕಣದಲ್ಲಿ ಸಿಪಾಯಿಯನ್ನು ಹುಡುಕುವುದು, ಹೊಸ ಆಯುಧದ ಆಕರ್ಷಣೆ ತೋರಿಸಿ ಅವನನ್ನು ಕರೆತರುವುದು ಅಮೆರಿಕದವರು ಕಂಡುಹಿಡಿದ ವಿದ್ಯೆಯೇನಲ್ಲ. ಈ ಎರಡನ್ನೂ ತುಂಗಭದ್ರೆಯ ದಂಡೆಯ ಅರಸರು ಐದಾರು ನೂರು ವರ್ಷಗಳ ಹಿಂದೆಯೇ ಮಾಡಿ ನೋಡಿದ್ದರು.

ಮೊದಲು ಇಮ್ಮಡಿ ದೇವರಾಯನ ಸಂಗತಿ. 1420ರ ದಶಕದಲ್ಲಿ ಬಹಮನಿ ಸುಲ್ತಾನ ಅಹಮದ್ ಶಾ ದಂಡೆತ್ತಿ ಬಂದು ವಿಜಯನಗರದ ಸೀಮೆಯನ್ನು ಹಾಳುಗೆಡವಿ ಹೋಗಿದ್ದ. ತನ್ನ ರಾಜ್ಯ ಅವರದಕ್ಕಿಂತ ದೊಡ್ಡದು, ಜನ ಹೆಚ್ಚು, ಹಣ ಹೆಚ್ಚು. ಆದರೂ ಸೋಲು ತನಗೇ ಏಕೆ ಎಂದು ದೇವರಾಯ ತನ್ನ ಸರದಾರರನ್ನೂ ಬ್ರಾಹ್ಮಣರನ್ನೂ ಕೂಡಿಸಿ ಕೇಳಿದನಂತೆ. ಇದನ್ನು ಹೇಳುವವನು ಪರ್ಷಿಯನ್ ಇತಿಹಾಸಕಾರ ಫಿರಿಷ್ತಾ. ಸಭೆಯಲ್ಲಿ ಕೆಲವರು ಎಲ್ಲ ದೈವೇಚ್ಛೆ ಎಂದರು. ಉಳಿದವರು ನೆಲದ ಮೇಲಿನ ಎರಡು ಕಾರಣ ಕೊಟ್ಟರು: ಅವರ ಕುದುರೆಗಳು ನಮ್ಮವಕ್ಕಿಂತ ಗಟ್ಟಿ, ಅವರಲ್ಲಿ ನುರಿತ ಬಿಲ್ಲಾಳುಗಳಿದ್ದಾರೆ, ನಮ್ಮಲ್ಲಿಲ್ಲ.

ದೇವರಾಯ ಎರಡನೆಯವರ ಮಾತಿಗೆ ಕಿವಿಗೊಟ್ಟ. ಬಿಲ್ಲು ಬಲ್ಲ ಮುಸಲ್ಮಾನರನ್ನು ಸೇವೆಗೆ ಕರೆದ. ಬರಿಯ ಸಂಬಳದ ಆಸೆ ತೋರಿಸಲಿಲ್ಲ. ಜಹಗೀರು ಕೊಟ್ಟ, ರಾಜಧಾನಿಯಲ್ಲಿ ಮಸೀದಿ ಕಟ್ಟಿಸಿದ, ಅವರ ಆಚರಣೆಗೆ ಯಾರೂ ಅಡ್ಡಿ ಮಾಡಕೂಡದೆಂದು ಅಪ್ಪಣೆ ಹೊರಡಿಸಿದ. ಇನ್ನೊಂದು ತೊಡಕಿತ್ತು. ಅನ್ಯಮತದ ಅರಸನಿಗೆ ತಲೆಬಾಗುವುದು ಹೇಗೆಂದು ಬಂದವರು ಹಿಂಜರಿಯಬಹುದಿತ್ತು. ಅದಕ್ಕಾಗಿ ಸಿಂಹಾಸನದ ಮುಂದೆ ಬೆಲೆಬಾಳುವ ಪೀಠದ ಮೇಲೆ ಕುರಾನನ್ನು ಇಡಿಸಿದ. ಬಾಗಿದ ತಲೆ ಗ್ರಂಥಕ್ಕೂ ಬಾಗಿದಂತಾಯಿತು, ಅರಸನಿಗೂ ಬಾಗಿದಂತಾಯಿತು. ಸೇನೆಗೆ ಜನ ಸೇರಿಸುವ ಇತಿಹಾಸದಲ್ಲಿ ಇಷ್ಟು ಸೂಕ್ಷ್ಮವಾಗಿ ಆಲೋಚಿಸಿದ ಏರ್ಪಾಡು ಅಪರೂಪ.

ಫಿರಿಷ್ತಾ ಬರೆದದ್ದು ನೂರೈವತ್ತು ವರ್ಷಗಳಿಗೂ ಹೆಚ್ಚು ಕಾಲ ಕಳೆದ ಮೇಲೆ, ಅದೂ ಎದುರು ಪಾಳೆಯದ ವಿಜಾಪುರದಲ್ಲಿ ಕುಳಿತು. ಅವನ ಮಾತನ್ನೆಲ್ಲ ಹಾಗೆಯೇ ನುಂಗಬೇಕಿಲ್ಲ. ದೇವರಾಯನ ಬಳಿ ಹತ್ತು ಸಾವಿರ ತುರುಷ್ಕ ರಾವುತರಿದ್ದರೆಂದು 1430ರ ಒಂದು ಶಾಸನವೇ ಹೇಳುವುದರಿಂದ, ಈ ನೇಮಕ ಒಂದು ಸಭೆಯಲ್ಲಿ ದಿಢೀರನೆ ಹುಟ್ಟಿದ್ದಂತೂ ಅಲ್ಲ. ಮಸೀದಿಯ ಮಾತಿಗೆ ಹಂಪಿಯಲ್ಲಿ ಕಲ್ಲಿನ ಸಾಕ್ಷಿಯೂ ಇದೆ. ಅಲ್ಲಿನ ಮುಸಲ್ಮಾನರ ಕೇರಿಯಿದ್ದ ಜಾಗದಲ್ಲಿ ಅಹಮದ್ ಖಾನನೆಂಬ ಅಧಿಕಾರಿ 1439ರಲ್ಲಿ ಕಟ್ಟಿಸಿದ ಕಟ್ಟಡ ಈಗಲೂ ನಿಂತಿದೆ. ಕಟ್ಟಿಸಿದ್ದು ದೇವರಾಯನಿಗೆ ಪುಣ್ಯವಾಗಲಿ ಎಂದು. ಗುಮ್ಮಟವಿಲ್ಲ, ಮಿನಾರುಗಳಿಲ್ಲ, ದೇವಾಲಯದ ಮಂಟಪದಂಥ ಕಂಬಗಳು. ಕನ್ನಡದಲ್ಲಿ ಕೆತ್ತಿಸಿದ ಶಾಸನ ಅದನ್ನು ಕರೆಯುವುದು ‘ಧರ್ಮಸಾಲೆ’ ಎಂದು. ಮೊಹರಮ್ಮಿಗೆ ಹಿಂದೂ ಮುಸಲ್ಮಾನರು ಒಂದಾಗಿ ನೆರೆಯುವ ಮುದಗಲ್ಲಿನ ಜನಕ್ಕೆ ಈ ಹೆಸರು ವಿಚಿತ್ರವೆನಿಸಲಾರದು.

ಬಂದವರಿಂದ ದೇವರಾಯ ಬಯಸಿದ್ದು ತೋಳ್ಬಲವನ್ನಷ್ಟೇ ಅಲ್ಲ. ಅವರು ತನ್ನ ಜನಕ್ಕೆ ವಿದ್ಯೆ ಕಲಿಸಬೇಕಿತ್ತು. ಬಿಲ್ಲುಗಾರಿಕೆ ನಮ್ಮ ಪುರಾಣಗಳಷ್ಟೇ ಹಳೆಯದಾದರೂ, ಓಡುವ ಕುದುರೆಯ ಬೆನ್ನಿನಿಂದ ಗುರಿ ತಪ್ಪದೆ ಬಾಣ ಬಿಡುವುದು ಅಂದಿನ ದಖ್ಖನಿನಲ್ಲಿ ಹೊಸ ತಂತ್ರಜ್ಞಾನವೇ. ಎರಡು ಸಾವಿರ ಮುಸಲ್ಮಾನ ಬಿಲ್ಲಾಳುಗಳಿಂದ ಅರುವತ್ತು ಸಾವಿರ ಹಿಂದೂಗಳು ತಯಾರಾದರೆಂದು ಫಿರಿಷ್ತಾ ಲೆಕ್ಕ ಕೊಡುತ್ತಾನೆ. ಲೆಕ್ಕ ಉಬ್ಬಿದ್ದಿರಬಹುದು, ಒಬ್ಬನಿಂದ ಹತ್ತು ಮಂದಿ ಕಲಿಯುವ ಕ್ರಮ ಮಾತ್ರ ಯಾವ ಗರಡಿಯ ಉಸ್ತಾದನಿಗೂ ಅರ್ಥವಾಗುವಂಥದು.

1443ರಲ್ಲಿ ದೇವರಾಯ ಈ ಸೈನ್ಯದೊಡನೆ ತುಂಗಭದ್ರೆ ದಾಟಿದ. ಮೊದಲು ಬಿದ್ದದ್ದೇ ಮುದಗಲ್ಲು. ಬಳಿಕ ರಾಯಚೂರಿಗೂ ಬಂಕಾಪುರಕ್ಕೂ ಮುತ್ತಿಗೆ ಬಿತ್ತು. ಎರಡು ತಿಂಗಳಲ್ಲಿ ಮೂರು ಕಾಳಗಗಳಾದವು. ಕೊನೆಯ ಕಾಳಗದಲ್ಲಿ ದೇವರಾಯನ ಮಗನೊಬ್ಬ ಸತ್ತ. ಬಹಮನಿಯ ಇಬ್ಬರು ಸರದಾರರು ಸೆರೆಸಿಕ್ಕರು. ಅವರಿಗೆ ಕೇಡಾದರೆ ಒಬ್ಬೊಬ್ಬರಿಗೆ ಲಕ್ಷ ತಲೆ ಉರುಳಿಸುವೆನೆಂದು ಸುಲ್ತಾನ ಅಲಾವುದ್ದೀನ್ ಹೇಳಿ ಕಳಿಸಿದ. ಕಡೆಗೆ ಕಪ್ಪ ಕೊಡುವ ಒಪ್ಪಂದವಾಯಿತು ಎನ್ನುತ್ತಾನೆ ಫಿರಿಷ್ತಾ. ಅಷ್ಟು ಸಿದ್ಧತೆಯ ಫಲ ಇಷ್ಟೇ. ಅದೇ ವರ್ಷ ವಿಜಯನಗರದಲ್ಲಿದ್ದ ಪರ್ಷಿಯಾದ ರಾಯಭಾರಿ ಅಬ್ದುರ್ ರಜಾಕ್, ಸಿಪಾಯಿಗಳಿಗೆ ನಾಲ್ಕು ತಿಂಗಳಿಗೊಮ್ಮೆ ಬೊಕ್ಕಸದಿಂದಲೇ ಸಂಬಳ ಬಟವಾಡೆಯಾಗುತ್ತಿತ್ತೆಂದು ಬರೆದಿಟ್ಟಿದ್ದಾನೆ. ಸಂಬಳ ನಿಲ್ಲದಿದ್ದರೆ ಸಿಪಾಯಿಯೂ ನಿಲ್ಲುತ್ತಾನೆ ಎಂಬುದು ಅರಸರಿಗೆ ಗೊತ್ತಿತ್ತು.

ಇನ್ನು ಆಟದ ಮಾತು. ಮಲ್ಲರನ್ನು ಅರಮನೆಯ ಖರ್ಚಿನಲ್ಲಿ ಸಾಕುವುದು ಕನ್ನಡ ನಾಡಿನಲ್ಲಿ ಬಹಳ ಹಿಂದಿನ ಪದ್ಧತಿ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದಿಂದ ಆಳಿದ ಚಾಲುಕ್ಯರ ಮೂರನೆಯ ಸೋಮೇಶ್ವರ ತನ್ನ ‘ಮಾನಸೋಲ್ಲಾಸ’ದಲ್ಲಿ ಮಲ್ಲವಿನೋದಕ್ಕೆ ಒಂದು ಭಾಗವನ್ನೇ ಮೀಸಲಿಟ್ಟು, ಮಲ್ಲರ ದರ್ಜೆ, ಅವರ ಊಟ, ಅವರ ಸಾಮು ಎಲ್ಲವನ್ನೂ ವಿವರಿಸಿದ್ದಾನೆ. ವಿಜಯನಗರದಲ್ಲಿ ಈ ವಿನೋದ ಮಹಾನವಮಿಯ ಒಂಬತ್ತು ದಿನಗಳ ದೊಡ್ಡ ಪ್ರದರ್ಶನವಾಯಿತು. ಹಂಪಿಯ ಮಹಾನವಮಿ ದಿಬ್ಬದ ಕಲ್ಲುಗಳಲ್ಲಿ ಕುದುರೆ, ಬೇಟೆಗಳ ಜೊತೆಗೆ ಜಟ್ಟಿಗಳೂ ಇದ್ದಾರೆ.

ಕೃಷ್ಣದೇವರಾಯನ ಕಾಲದಲ್ಲಿ ಈ ಹಬ್ಬ ನೋಡಿದ ಪೋರ್ಚುಗೀಸ್ ಪ್ರವಾಸಿ ದೊಮಿಂಗೊ ಪಾಯೆಸ್ ಕುಸ್ತಿಯನ್ನು ಕಂಡು ಬೆಚ್ಚಿದ. ಇದು ತನ್ನ ದೇಶದ ಕುಸ್ತಿಯಂತಲ್ಲ. ಹೊಡೆತಕ್ಕೆ ಹಲ್ಲು ಮುರಿಯುತ್ತವೆ, ಕಣ್ಣು ಹೋಗುತ್ತವೆ, ಮಾತು ನಿಂತವರನ್ನು ಗೆಳೆಯರು ಹೊತ್ತೊಯ್ಯುತ್ತಾರೆ ಎಂದು ಬರೆದ. ಹಾಗೆಂದು ಅದು ಬೀದಿ ಜಗಳವಲ್ಲ. ಜೋಡಿಯನ್ನು ಸರಿಸಮ ಮಾಡಿ ಬಿಡಲು, ಗೆದ್ದವನಿಗೆ ಮರ್ಯಾದೆ ಸಲ್ಲಿಸಲು ನಾಯಕರೂ ಪಂಚರೂ ಇದ್ದರು. ಅರಸನೂ ಗರಡಿಯವನೇ. ಬೆಳಗಿನ ಜಾವಕ್ಕೆ ಎಳ್ಳೆಣ್ಣೆ ಕುಡಿದು, ಮೈಗೆಲ್ಲ ಎಣ್ಣೆ ಹಚ್ಚಿ, ಭಾರ ಎತ್ತಿ, ಕತ್ತಿ ಬೀಸಿ, ತನ್ನ ಜಟ್ಟಿಯೊಬ್ಬನೊಡನೆ ಸೆಣಸಿ, ಆಮೇಲೆ ಕುದುರೆ ಹತ್ತುತ್ತಿದ್ದನೆಂದು ಅದೇ ಪಾಯೆಸ್ ಹೇಳುತ್ತಾನೆ. ಇಂಥ ಅರಸನ ಕಣ್ಣೆದುರು ಹತ್ತೂರಿನ ಜನದ ನಡುವೆ ಒಂದು ಶಹಬ್ಬಾಸ್ ಸಿಕ್ಕಿತೆಂದರೆ ಹಳ್ಳಿಯ ಹುಡುಗನ ಕಿವಿಯಲ್ಲಿ ಅದು ಎಷ್ಟು ಕಾಲ ಗುಂಯ್‌ಗುಡುತ್ತಿತ್ತೋ!

ಹಬ್ಬ ಮುಗಿದ ಬಳಿಕ ನಡೆಯುತ್ತಿದ್ದುದು ದಂಡಿನ ಪರಿಶೀಲನೆ. ನಾಯಕರು ಅರಸನಿಂದ ಭೂಮಿ ಪಡೆದು ಅದಕ್ಕೆ ಪ್ರತಿಯಾಗಿ ಇಂತಿಷ್ಟು ಆಳು, ಕುದುರೆ, ಆನೆ ಇಟ್ಟುಕೊಳ್ಳಬೇಕಾಗಿದ್ದ ನಾಯಂಕರ ಪದ್ಧತಿಯ ತಪಾಸಣೆಯೂ ಇಲ್ಲಿಯೇ ಆಗುತ್ತಿತ್ತು. ಆದ್ದರಿಂದ ಆಳು ಹುಡುಕುವ ಹೊರೆ ಅರಮನೆಯದಷ್ಟೇ ಅಲ್ಲ, ಪ್ರತಿ ನಾಯಕನದೂ ಆಗಿತ್ತು. ಕುಸ್ತಿಯ ಕಣ, ಹಬ್ಬ, ದಂಡಿನ ಮೆರವಣಿಗೆ ಒಂದರ ಹಿಂದೊಂದು ಬರುತ್ತಿದ್ದುದು ಕಾಕತಾಳೀಯವಲ್ಲ. ಆ ಮೆರವಣಿಗೆಯಲ್ಲಿ ಮುಸಲ್ಮಾನ ಸಿಪಾಯಿಗಳೂ ತುರ್ಕಿ ಬಿಲ್ಲು, ಸಿಡಿಗುಂಡು, ಬೆಂಕಿಯ ಬಾಣಗಳನ್ನು ಹಿಡಿದು ನಡೆದರು. ಅವುಗಳನ್ನು ಅವರು ಪಳಗಿಸಿದ ರೀತಿ ಪಾಯೆಸನಿಗೆ ಅಚ್ಚರಿ ತಂದಿತು. ದೇವರಾಯ ಹಾಕಿದ ಪಾಯಕ್ಕೆ ಆಗಲೇ ಸುಮಾರು ಎಂಬತ್ತು ವರ್ಷ.

ಕುದುರೆಯ ವಿಷಯದಲ್ಲಂತೂ ಖರ್ಚಿಗೆ ಲೆಕ್ಕವಿರಲಿಲ್ಲ. ಸಾಳುವ ನರಸಿಂಹ ಅರಬ್ಬಿ ಕುದುರೆ ತರುವ ವರ್ತಕರನ್ನು ಒಲಿಸಿಕೊಳ್ಳಲು, ಹಡಗಿನಲ್ಲಿ ಸತ್ತ ಕುದುರೆಗೂ ಬೆಲೆ ಕೊಡುತ್ತಿದ್ದನಂತೆ. ಬಾಲ ತಂದು ತೋರಿಸಿದರೆ ಸಾಕು! ಇದನ್ನು ಬರೆದ ಫೆರ್ನಾವೊ ನೂನಿಜ್ ಸ್ವತಃ ಕುದುರೆ ವ್ಯಾಪಾರಿ. ಆ ಬಾಲಗಳ ನೆನಪು ಅವನಿಗೆ ಸಿಹಿಯಾಗಿಯೇ ಇದ್ದಿರಬೇಕು.

ಹೊಸ ಆಯುಧದ ಮಹಿಮೆ ತಿಳಿದದ್ದು 1520ರ ರಾಯಚೂರು ಕಾಳಗದಲ್ಲಿ. ಕೃಷ್ಣದೇವರಾಯನ ದೊಡ್ಡ ದಂಡು ರಾಯಚೂರನ್ನು ಮುತ್ತಿತ್ತು. ಗೋಡೆಯ ಬುಡ ಅಗೆಯಲು ಹೋದವರು ಮೇಲಿನಿಂದ ಬೀಳುವ ಕಲ್ಲು, ಬಾಣಗಳಿಗೆ ಸಾಯುತ್ತಿದ್ದರು. ಆಗ ಅಲ್ಲಿಗೆ ಬಂದವನು ಕ್ರಿಸ್ಟೊವಾವೊ ದೆ ಫಿಗೆರೆದೊ ಎಂಬ ಪೋರ್ಚುಗೀಸ. ಅವನೊಂದಿಗಿದ್ದುದು ಇಪ್ಪತ್ತು ಕೋವಿಗಾರರು ಮಾತ್ರ. ಕೋಟೆಯ ಮೇಲೆ ಹೆದರಿಕೆಯಿಲ್ಲದೆ ಅಡ್ಡಾಡುತ್ತಿದ್ದವರನ್ನು ಅವರು ಒಬ್ಬೊಬ್ಬರನ್ನಾಗಿ ಗುರಿಯಿಟ್ಟು ಕೆಡವಿದರು. ಕೋಟೆಯ ಅಧಿಕಾರಿಯೇ ಬಗ್ಗಿ ನೋಡಲು ಹೋಗಿ ಹಣೆಗೆ ಗುಂಡು ತಿಂದ. ಮರುದಿನ ಕೋಟೆ ಶರಣಾಯಿತು. ಇದೂ ನೂನಿಜ್ ಕೊಟ್ಟ ವರದಿ, ತನ್ನ ದೇಶದವನ ಬಗ್ಗೆ ಕೊಂಚ ಹೆಚ್ಚೇ ಹೊಗಳಿರಬಹುದು. ವಿಚಿತ್ರವೆಂದರೆ ಆ ಯುದ್ಧದಲ್ಲಿ ಹೆಚ್ಚು ಫಿರಂಗಿಗಳಿದ್ದುದು ಸೋತ ವಿಜಾಪುರದ ಕಡೆಗೆ. ಸೋತವರು ಪಾಠ ಕಲಿತರು. ಎಡೆದೊರೆಯ ಕೋಟೆಗಳು ಮತ್ತೆ ತಮ್ಮ ಕೈಗೆ ಬಂದಾಗ ಫಿರಂಗಿ ಕೂರಿಸಲು ತಕ್ಕ ಬುರುಜುಗಳನ್ನು ಕಟ್ಟಿದರು. ಗೆದ್ದವರು ಬಂದೂಕಿನವರನ್ನು ದೇವರಾಯ ಬಿಲ್ಲಾಳುಗಳನ್ನು ಬೆಳೆಸಿದಂತೆ ಬೆಳೆಸಲಿಲ್ಲ.

ಹೊರಗಿನಿಂದ ಕರೆತಂದ ಸಿಪಾಯಿ ಎಷ್ಟು ದಿನ ನಮ್ಮವನು? 1565ರ ರಕ್ಕಸತಂಗಡಿ ಯುದ್ಧದ ನಂತರ ಈ ಪ್ರಶ್ನೆ ಎದ್ದಿತು, ಇನ್ನೂ ಅಡಗಿಲ್ಲ. ಆ ಯುದ್ಧಕ್ಕೆ ಮುಂಚೆ ವಿಜಾಪುರ ವಾಪಸು ಕೇಳಿದ ಕೋಟೆಗಳಲ್ಲಿ ಮುದಗಲ್ಲೂ ಇತ್ತು. ರಾಮರಾಯನ ಇಬ್ಬರು ಮುಸಲ್ಮಾನ ದಳಪತಿಗಳು ನಡು ಕಾಳಗದಲ್ಲಿ ಕೈಕೊಟ್ಟರೆಂದು, ಎರಡು ವರ್ಷದ ಬಳಿಕ ಬಂದ ವೆನಿಸ್ಸಿನ ವರ್ತಕ ಸೀಸರ್ ಫ್ರೆಡರಿಕ್ ಬರೆದ. ಅದನ್ನೇ ಹಿಡಿದು ದೇವರಾಯನ ನೀತಿಯೇ ತಪ್ಪೆಂದವರಿದ್ದಾರೆ. ಆದರೆ ರಾಮರಾಯ ತಾನೇ ಮೊದಲು ಗೋಲ್ಕೊಂಡದ ಸುಲ್ತಾನನ ಸೇವೆಯಲ್ಲಿದ್ದು ಆಮೇಲೆ ಕೃಷ್ಣದೇವರಾಯನ ಬಳಿಗೆ ಬಂದವನು. 1551ರ ಬೇವಿನಹಳ್ಳಿ ತಾಮ್ರಶಾಸನದಲ್ಲಿ, ವಿಜಯನಗರದ ಸೇವೆಯಲ್ಲಿದ್ದ ಐನ್-ಉಲ್-ಮುಲ್ಕ್ ಎಂಬ ಸರದಾರ ಬ್ರಾಹ್ಮಣರಿಗೆ ಅಗ್ರಹಾರ ಕೊಡಿಸಲು ಬಿನ್ನಹ ಮಾಡಿಕೊಂಡಿದ್ದಾನೆ. ಸುಲ್ತಾನರ ದಂಡಿನಲ್ಲಿ ಮರಾಠರೂ ಇದ್ದರು. ಧರ್ಮ ನೋಡಿ ಪಕ್ಷ ಹಿಡಿದ ಯುದ್ಧಗಳೆಂದು ಇವನ್ನು ಓದುವವರು ಸಿಪಾಯಿಗಳ ಹಾಜರಿ ಪಟ್ಟಿಯನ್ನೂ ನೋಡುವುದು ಒಳ್ಳೆಯದು.

ಆಟವನ್ನು ದಂಡಿಗೆ ಜೋಡಿಸುವ ಪದ್ಧತಿಗೆ ಸ್ವತಂತ್ರ ಭಾರತದ ಸೇನೆಯಲ್ಲೂ ಜಾಗ ಸಿಕ್ಕಿತು. ಮಿಲ್ಖಾ ಸಿಂಗ್ ಓಟಗಾರನಾದದ್ದು ಸಿಕಂದರಾಬಾದಿನ ಸೇನಾ ಶಿಬಿರದಲ್ಲಿ, ಓಟದ ಮುಂಚೂಣಿಯಲ್ಲಿ ಬಂದವರಿಗೆ ಸಿಗುತ್ತಿದ್ದ ಹೆಚ್ಚುವರಿ ಹಾಲಿನ ಆಸೆಗೆ. 2021ರಲ್ಲಿ ಟೋಕಿಯೊದಲ್ಲಿ ಚಿನ್ನ ಗೆದ್ದ ನೀರಜ್ ಚೋಪ್ರಾ 2016ರಲ್ಲೇ ನಾಯಬ್ ಸುಬೇದಾರ್ ಆಗಿ ಸೇರಿದ್ದರು. ಬೆಂಗಳೂರಿನ ಮದ್ರಾಸ್ ಎಂಜಿನಿಯರ್ ಗ್ರೂಪ್‌ನಲ್ಲೂ ಬೆಳಗಾವಿಯ ಮರಾಠಾ ಲಘು ಪದಾತಿ ದಳದ ಕೇಂದ್ರದಲ್ಲೂ ‘ಬಾಯ್ಸ್ ಸ್ಪೋರ್ಟ್ಸ್ ಕಂಪನಿ’ಗಳಿವೆ. ಚಿಕ್ಕ ಹುಡುಗರನ್ನು ಆರಿಸಿ ಊಟ, ವಸತಿ, ಶಾಲೆ, ತರಬೇತಿ ಎಲ್ಲವನ್ನೂ ಕೊಟ್ಟು ಬೆಳೆಸುತ್ತಾರೆ. ಸೋಮೇಶ್ವರನ ಮಲ್ಲರ ಪಟ್ಟಿಯನ್ನು ಓದಿದವರಿಗೆ ಇದು ಅಪರಿಚಿತವೆನಿಸದು.

ರಾಯಚೂರು ಜಿಲ್ಲೆಯ ಹುಡುಗರು ಸೇರುವುದು ಬೆಳಗಾವಿಯ ನೇಮಕಾತಿ ಕಚೇರಿಯ ಮೂಲಕ. ಅಲ್ಲಿಯೂ ಹೊಸ ತಂತ್ರಜ್ಞಾನ ಕಾಲಿಟ್ಟಿದೆ. ಮುಂಚೆ ರ್‍ಯಾಲಿಯ ದಿನ ಮೊದಲು ಓಟ, ಆಮೇಲೆ ಪರೀಕ್ಷೆ. 2023ರಿಂದ ಕ್ರಮ ತಿರುವುಮುರುವಾಯಿತು. ಮೊದಲು ಕಂಪ್ಯೂಟರಿನ ಎದುರು ಆನ್‌ಲೈನ್ ಪರೀಕ್ಷೆ. ಅದರಲ್ಲಿ ಪಾಸಾದವನಿಗೆ ಮಾತ್ರ 1.6 ಕಿಲೋಮೀಟರ್ ಓಟ. ಮೈದಾನಗಳಲ್ಲಿ ಸಾವಿರಾರು ಜನರ ನೂಕುನುಗ್ಗಲು ತಪ್ಪಿತು, ನಿಜ. ಆದರೆ ಕಂಪ್ಯೂಟರಿಗೆ ಕೈ ಪಳಗದ, ಸಂಗ್ರಾಣಿ ಕಲ್ಲೆತ್ತಿ ಬೆಳೆದ ಹಳ್ಳಿಯ ಹುಡುಗನಿಗೆ ಮೊದಲ ಬಾಗಿಲೇ ಕಠಿಣವಾಯಿತು.

ದೇವರಾಯ ತನ್ನ ಬಿಲ್ಲಾಳುಗಳಿಗೆ ಜಹಗೀರು ಕೊಟ್ಟಿದ್ದ. 2022ರ ಜೂನ್ 14ರಂದು ಪ್ರಕಟವಾದ ಅಗ್ನಿಪಥ ಯೋಜನೆಯಲ್ಲಿ ಸೇವೆಯ ಅವಧಿ ನಾಲ್ಕು ವರ್ಷ. ಅದು ಮುಗಿದಾಗ ಪಿಂಚಣಿಯಿಲ್ಲ. ಬಡ್ಡಿಯೂ ಸೇರಿ ಸುಮಾರು 11.71 ಲಕ್ಷ ರೂಪಾಯಿಯ ಸೇವಾನಿಧಿ. ಪ್ರಕಟವಾದ ನಿಯಮದಂತೆ ಮುಂದುವರಿಯುವವರು ಹೆಚ್ಚೆಂದರೆ ನೂರಕ್ಕೆ ಇಪ್ಪತ್ತೈದು ಮಂದಿ. ಸೇನೆಯ ಮೊದಲ ತಂಡದ ತರಬೇತಿ ಆರಂಭವಾದದ್ದು 2023ರ ಜನವರಿಯಲ್ಲಿ. ನಾಲ್ಕು ವರ್ಷದ ಲೆಕ್ಕಕ್ಕೆ ಅವರು ಊರಿನ ಬಸ್ಸು ಹತ್ತಬೇಕಾದದ್ದು 2027ರ ಆರಂಭದ ಹೊತ್ತಿಗೆ.